ಡಿಪ್ಲಾಯ್ ಮಾಡುವಾಗ 502: ರೆಡಿನೆಸ್ ಪ್ರೋಬ್ ಇದ್ದರೂ ಯಾಕೆ?

ರಾತ್ರಿಪಾಳಿ:
ಬಸ್ ಟಿಕೆಟ್ ಬುಕಿಂಗ್ ಸರ್ವಿಸ್. ಗೋ ಭಾಷೆಯ ಆ್ಯಪ್, ಕುಬರ್ನೆಟೀಸ್‌ನಲ್ಲಿ 4 ಪಾಡ್ (ಅಂದರೆ ಓಡುತ್ತಿರುವ ನಾಲ್ಕು ಪ್ರತಿ), ಮುಂದೆ ರಿಕ್ವೆಸ್ಟ್ ಹಂಚಲು ಎಂಜಿನ್‌ಎಕ್ಸ್ ಇನ್‌ಗ್ರೆಸ್. ರೋಲಿಂಗ್ ಅಪ್‌ಡೇಟ್ (ಪಾಡ್‌ಗಳನ್ನು ಹಂತಹಂತವಾಗಿ ಬದಲಿಸುವುದು), ರೆಡಿನೆಸ್ ಪ್ರೋಬ್ (ಪಾಡ್ ಸಿದ್ಧವಿದೆಯಾ ಅನ್ನುವ ತಪಾಸಣೆ) ಎಲ್ಲ ಇದೆ. ಆದರೂ ಹೊಸ ವರ್ಷನ್ ಹಾಕಿದಾಗಲೆಲ್ಲ ಕೆಲವರಿಗೆ 502 ಎರರ್ (ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ ಅಂತ). ಬಸ್ ಹುಡುಕುವವರಿಗೆ ಬರುವುದೇ ಇಲ್ಲ, ಸೀಟ್ ಬುಕ್ ಮಾಡುವವರಿಗೇ ಬರುತ್ತದೆ. ಹಳೇ ಪಾಡ್ ಮಾತ್ರ ಒಂದೇ ಸೆಕೆಂಡಿನಲ್ಲಿ ಮಾಯ. ಈಗ ಸುಮ್ನೆ ಮಧ್ಯರಾತ್ರಿ ಎದ್ದು ಡಿಪ್ಲಾಯ್ ಮಾಡುತ್ತಿದ್ದೇವೆ.

ಹಳೇಸರ್ವರ್:
ಆ ಒಂದು ಸೆಕೆಂಡೇ ತೊಂದರೆ. ಎಲ್ಲರೂ ಹೊಸ ಪಾಡ್ ಬರುವುದನ್ನೇ ನೋಡುತ್ತಾರೆ, ಹಳೇದು ಹೇಗೆ ಹೋಗುತ್ತದೆ ಅಂತ ಯಾರೂ ನೋಡುವುದಿಲ್ಲ. ಪಾಡ್ ತೆಗೆಯುವಾಗ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಆ ಯಂತ್ರದಲ್ಲಿ ಪಾಡ್ ನೋಡಿಕೊಳ್ಳುವ ಕ್ಯೂಬ್‌ಲೆಟ್ ಸಿಗ್‌ಟರ್ಮ್ (ನಿಲ್ಲು ಅನ್ನುವ ಸಿಗ್ನಲ್) ಕಳಿಸುತ್ತದೆ, ಇನ್ನೊಂದು ಕಡೆ ರಿಕ್ವೆಸ್ಟ್ ಹೋಗುವ ಎಂಡ್‌ಪಾಯಿಂಟ್ ಪಟ್ಟಿಯಿಂದ ಆ ಐಪಿ ತೆಗೆಯುವ ಕೆಲಸ ನಡೆಯುತ್ತದೆ. ಒಂದಕ್ಕೊಂದು ಕಾಯುವುದಿಲ್ಲ. ಸಿಗ್‌ಟರ್ಮ್ ಹಿಡಿಯುವ ಕೋಡ್ ಇಲ್ಲದಿದ್ದರೆ ಗೋ ಪ್ರೋಗ್ರಾಂ ಅಲ್ಲೇ ಮುಗಿಯುತ್ತದೆ, ಕೈಯಲ್ಲಿದ್ದ ಬುಕಿಂಗ್ ಸಮೇತ.

ಹುಡುಕಾಟ ಯಾಕೆ ಬಚಾವ್ ಅಂದರೆ, ಅದು ಗೆಟ್ (ಬರೀ ಓದುವ ರಿಕ್ವೆಸ್ಟ್); ಗೆಟ್ ವಿಫಲವಾದರೆ ಎಂಜಿನ್‌ಎಕ್ಸ್ ಇನ್ನೊಂದು ಪಾಡ್‌ಗೆ ಕಳಿಸಿ ನೋಡುತ್ತದೆ. ಬುಕಿಂಗ್ ಪೋಸ್ಟ್ (ಏನನ್ನೋ ಬದಲಿಸುವ ರಿಕ್ವೆಸ್ಟ್); ಒಮ್ಮೆ ಕಳಿಸಿಯಾದ ಪೋಸ್ಟನ್ನು ಮತ್ತೆ ಕಳಿಸುವುದಿಲ್ಲ. ಒಳ್ಳೇದೇ ಅಲ್ವಾ, ಇಲ್ಲದಿದ್ದರೆ ಒಂದೇ ಸೀಟಿಗೆ ಎರಡು ಸಲ ದುಡ್ಡು ಹೋಗುತ್ತಿತ್ತು.

ಪ್ರೀಸ್ಟಾಪ್‌ನಲ್ಲಿ (ಸಿಗ್‌ಟರ್ಮ್‌ಗೆ ಮೊದಲು ಓಡುವ ಹೆಜ್ಜೆ) 10 ಸೆಕೆಂಡ್ ಸ್ಲೀಪ್ ಹಾಕಿ, ಅಷ್ಟರಲ್ಲಿ ಐಪಿ ಪಟ್ಟಿಯಿಂದ ಹೋಗಿರುತ್ತದೆ. ಸಿಗ್‌ಟರ್ಮ್ ಸಿಕ್ಕ ಮೇಲೆ ಸರ್ವರ್‌ನ ಶಟ್‌ಡೌನ್ ಕರೆಯಿರಿ, ಅದು ಕೈಯಲ್ಲಿರುವ ರಿಕ್ವೆಸ್ಟ್ ಮುಗಿಸಿ ನಿಲ್ಲುತ್ತದೆ. ಗೋ 1.8ರಿಂದಲೇ ಅದು ಇದೆ. ಮ್ಯಾಕ್ಸ್ ಅನ್ಅವೈಲಬಲ್ (ಅಪ್‌ಡೇಟ್ ವೇಳೆ ಎಷ್ಟು ಪಾಡ್ ಕಡಿಮೆ ಆಗಬಹುದು ಅನ್ನುವುದು) 0 ಮಾಡಿ. ಸುಮ್ಮನೆ ಬಿಟ್ಟರೆ ಅದು 25%, ಅಂದರೆ ನಿಮ್ಮ ನಾಲ್ಕರಲ್ಲಿ ಒಂದು ಪಾಡ್.

ಚಿಕ್ಕ_ಇಮೇಜ್:
ಡಿಸ್ಟ್ರೋಲೆಸ್ ಇಮೇಜ್ (ಆ್ಯಪ್ ಬಿಟ್ಟು ಶೆಲ್ ಮುಂತಾದ್ದೇನೂ ಇಲ್ಲದ ಚಿಕ್ಕ ಕಂಟೇನರ್ ಇಮೇಜ್) ಆದರೆ ಒಳಗೆ ಸ್ಲೀಪ್ ಕಮಾಂಡೇ ಇರುವುದಿಲ್ಲ, ಹುಷಾರು. ಕುಬರ್ನೆಟೀಸ್ 1.30 ಅಥವಾ ಆಮೇಲಿನದಾದರೆ ಪ್ರೀಸ್ಟಾಪ್‌ನಲ್ಲೇ ಸ್ಲೀಪ್ ಅಂತ ನೇರವಾಗಿ ಬರೆಯಬಹುದು. ಈ ಸ್ಲೀಪ್ ಕೂಡ 30 ಸೆಕೆಂಡಿನ ಗ್ರೇಸ್ ಪೀರಿಯಡ್ (ಪಾಡ್ ನಿಲ್ಲಲು ಕೊಡುವ ಸಮಯ) ಒಳಗೇ ಲೆಕ್ಕ. ಪೇಮೆಂಟ್ ಕರೆ 25 ಸೆಕೆಂಡ್ ಎಳೆದರೆ ಮಧ್ಯದಲ್ಲೇ ಸಿಗ್‌ಕಿಲ್ (ಬಲವಂತವಾಗಿ ಕೊಲ್ಲುವ ಸಿಗ್ನಲ್) ಬೀಳುತ್ತದೆ. ಗ್ರೇಸ್ ಪೀರಿಯಡ್ 60 ಇಟ್ಟುಬಿಡಿ.

ಹಳೇಸರ್ವರ್:
ಹೌದು, ಅದನ್ನು ಹೇಳಬೇಕಿತ್ತು. ಇನ್ನೊಂದು: ರೋಲ್‌ಔಟ್ ನಡೆಯುವಷ್ಟು ಹೊತ್ತು ಎರಡೂ ವರ್ಷನ್ ಒಂದೇ ಡೇಟಾಬೇಸ್ ಮೇಲೆ ಓಡುತ್ತವೆ. ಕಾಲಂ ಹೆಸರು ಬದಲಿಸಿದಿರೋ, ಹಳೇ ಪಾಡ್ ಅರಚುತ್ತದೆ. ಹೊಸ ಕಾಲಂ ಸೇರಿಸಿ, ಎರಡಕ್ಕೂ ಬರೆಯಿರಿ, ಹಳೇ ಡೇಟಾ ಕಾಪಿ ಮಾಡಿ, ಹೊಸದರಿಂದ ಓದಲು ಶುರು ಮಾಡಿ. ಹಳೇದನ್ನು ತೆಗೆಯುವುದು ಮುಂದಿನ ಯಾವುದಾದರೂ ರಿಲೀಸ್‌ನಲ್ಲಿ.

ರಾತ್ರಿಪಾಳಿ:
ಸ್ಲೀಪ್, ಶಟ್‌ಡೌನ್ ಎರಡೂ ಹಾಕಿ ಇವತ್ತು ಮಧ್ಯಾಹ್ನವೇ ಡಿಪ್ಲಾಯ್ ಮಾಡಿದೆವು. 502 ಇಲ್ಲ ಸರ್. ಮುಂದಿನ ರಿಲೀಸ್‌ನಲ್ಲಿ ಕಾಲಂ ಹೆಸರು ಬದಲಿಸುವುದಿತ್ತು, ಅದನ್ನು ತಡೆಹಿಡಿದಿದ್ದೇವೆ.