ಅಪ್‌ಡೇಟ್: 34 ಅಂಕದ ಫಂಕ್ಷನ್ ಬಿಟ್ಟು 14ರದ್ದನ್ನು ಒಡೆದೆ

ಹಿಂದೆ ಕೇಳಿದ್ದು ಇಷ್ಟೇ: ಸೈಕ್ಲೊಮ್ಯಾಟಿಕ್ ಕಾಂಪ್ಲೆಕ್ಸಿಟಿ (ಕೋಡಿನಲ್ಲಿ ಎಷ್ಟು ಕವಲು ದಾರಿ ಇದೆ ಅನ್ನೋ ಅಂಕ) 34 ಬಂದಿರೋ ಫಂಕ್ಷನ್ನನ್ನೇ ಮೊದಲು ರಿಫ್ಯಾಕ್ಟರ್ ಮಾಡಬೇಕಾ, ಅಂದ್ರೆ ಕೆಲಸ ಬದಲಿಸದೆ ಒಳಗಿನ ರಚನೆ ಸರಿಪಡಿಸಬೇಕಾ? "ಅಂಕ ಬಿಡು, ಗಿಟ್ ಲಾಗ್ ನೋಡು" ಅಂದವರಿಗೆ ಥ್ಯಾಂಕ್ಸ್ (ಗಿಟ್ ಲಾಗ್ ಅಂದ್ರೆ ಕೋಡ್ ಬದಲಾವಣೆಗಳ ದಾಖಲೆ, ಅದರಲ್ಲಿ ದಾಖಲಾದ ಒಂದೊಂದು ಬದಲಾವಣೆ ಒಂದು ಕಮಿಟ್).

ನೋಡಿದೆ. ಆ 34 ಅಂದ್ರೆ ಒಂದು ಉದ್ದನೆಯ ಸ್ವಿಚ್ (ಬಂದ ಮೌಲ್ಯ ನೋಡಿ ದಾರಿ ಆರಿಸೋ ಪಟ್ಟಿ): 33 ಕೇಸ್, ಒಂದೊಂದರಲ್ಲೂ ಒಂದು ರಿಟರ್ನ್. ಕೇಸಿಗೊಂದು, ಮೇಲೊಂದು, ಲೆಕ್ಕ ಮುಗೀತು. ಓದೋಕೆ ಸಲೀಸು, ವರ್ಷಕ್ಕೊಂದೇ ಕಮಿಟ್. ಕೋಡ್ ಅರ್ಥ ಮಾಡಿಕೊಳ್ಳೋದು ಎಷ್ಟು ಕಷ್ಟ ಅಂತ ಅಳೆಯೋ ಕಾಗ್ನಿಟಿವ್ ಕಾಂಪ್ಲೆಕ್ಸಿಟಿಯಲ್ಲಿ ಅದಕ್ಕೆ ಬರೀ 1, ಅಲ್ಲಿ ಇಡೀ ಸ್ವಿಚ್ಚನ್ನು ಒಂದೇ ಸಲ ಎಣಿಸ್ತಾರೆ. ಮುಟ್ಟಲಿಲ್ಲ.

ನಿಜವಾದ ಪೀಡೆ ರಿಯಾಯಿತಿ ಲೆಕ್ಕ ಹಾಕೋ ಫಂಕ್ಷನ್, ಅಂಕ 14. ಇಫ್ ಒಳಗೆ ಲೂಪ್, ಅದರೊಳಗೆ ಮತ್ತೆ ಇಫ್‌ಗಳು. ಮೂರು ತಿಂಗಳಲ್ಲಿ 19 ಕಮಿಟ್, ಅರ್ಧಕ್ಕರ್ಧ ಬಗ್ ಫಿಕ್ಸ್ (ಎರಡು ಬಗ್ ನನ್ನ ಕೃಪೆಯೇ). ಈಗಿನ ಔಟ್‌ಪುಟ್ಟನ್ನು ಹಾಗೇ ಹಿಡಿದಿಡೋ ಟೆಸ್ಟ್ ಬರೆಯೋಕೇ ಎರಡು ದಿನ ಹಿಡೀತು. ಆಗಲೇ ಒಂದು ಎಲ್ಸ್ ಎಂದೂ ಓಡಲ್ಲ ಅಂತ ಗೊತ್ತಾಗಿದ್ದು. ಅದನ್ನು ಕಿತ್ತು, ಅರ್ಲಿ ರಿಟರ್ನ್ (ಕೆಲಸ ಇಲ್ಲದಿದ್ರೆ ಶುರುವಲ್ಲೇ ಹೊರಬರೋದು) ಹಾಕಿ, ಮೂರು ಫಂಕ್ಷನ್ ಮಾಡಿದೆ. ದೊಡ್ಡದು ಈಗ 5.

ಸೈಕ್ಲೊಮ್ಯಾಟಿಕ್ ಅಳತೆ ಕೊಟ್ಟ ಮೆಕೇಬ್ 1976ರಲ್ಲಿ ಹೇಳಿದ 10ರ ಮಿತಿಯನ್ನು ಸಿಐನಲ್ಲಿ (ಕೋಡ್ ಸೇರಿಸಿದಾಗ ತಾನಾಗೇ ಓಡೋ ತಪಾಸಣೆ) ಎಚ್ಚರಿಕೆಯಾಗಿ ಮಾತ್ರ ಇಟ್ಟಿದ್ದೀವಿ. ಬಿಲ್ಡ್ ನಿಲ್ಲಿಸಲ್ಲ.