ಅಪ್‌ಡೇಟ್: ಸ್ಕೈರಿಮ್‌ನಲ್ಲಿ ತೂಕ ಮೀರುವ ಸಮಸ್ಯೆ

ಸ್ಕೈರಿಮ್ ಎಂಬ ವಿಡಿಯೋ ಗೇಮ್‌ನಲ್ಲಿ ನಮ್ಮ ಪಾತ್ರ ಹೊರುವ ತೂಕ ಆರಂಭದ ಮಿತಿಯಾದ 300 ಅನ್ನು ದಾಟಿದೊಡನೆ ಓಟವೂ ಫಾಸ್ಟ್ ಟ್ರಾವೆಲ್ (ನಕ್ಷೆಯಲ್ಲಿ ಆರಿಸಿದ ಜಾಗಕ್ಕೆ ನೇರವಾಗಿ ತಲುಪುವುದು) ಕೂಡ ನಿಂತುಹೋಗುತ್ತವೆ, ಸಿಕ್ಕ ಲೂಟಿಯನ್ನು ಬಿಡದೆ ಆಡುವುದು ಹೇಗೆ ಎಂದು ಕೇಳಿದ್ದೆ. ಬಾಗಲಕೋಟೆಯ ಗೆಳೆಯರೊಬ್ಬರು ಸೂಚಿಸಿದ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬಂದಿತು: ವಸ್ತುವಿನ ಬೆಲೆಯನ್ನು ಅದರ ತೂಕದಿಂದ ಭಾಗಿಸಬೇಕು. 30 ತೂಕದ ಕಬ್ಬಿಣದ ಕವಚದ ಮೂಲಬೆಲೆ 125 ಮಾತ್ರ. 15 ತೂಕದ ಡ್ರ್ಯಾಗನ್ ಮೂಳೆಯದು 500. ಆದ್ದರಿಂದ ಡಕಾಯಿತರ ಕವಚಗಳನ್ನು ಈಗ ಅವರ ಮೈಮೇಲೆಯೇ ಬಿಟ್ಟು ಬರುತ್ತೇನೆ.

ಆಟದಲ್ಲಿ ವಿಶೇಷ ಶಕ್ತಿ ಕೊಡುವ ಕಲ್ಲುಗಳಲ್ಲಿ ಒಂದಾದ ಸ್ಟೀಡ್ ಸ್ಟೋನ್ ಆರಿಸಿಕೊಂಡ ಮೇಲೆ ಮಿತಿ 100 ಹೆಚ್ಚಿದ್ದಲ್ಲದೆ, ತೊಟ್ಟಿರುವ ಕವಚದ ತೂಕವೂ ಲೆಕ್ಕಕ್ಕೆ ಬಾರದಂತಾಯಿತು. ಲೆವೆಲ್ ಏರಿದಾಗ ಸ್ಟ್ಯಾಮಿನಾ (ದೇಹದ ತ್ರಾಣ) ಆಯ್ದರೆ ತೂಕದ ಮಿತಿ ಹೆಚ್ಚುವುದು ಕೇವಲ 5. ಅದಕ್ಕಾಗಿ ಆರೋಗ್ಯವನ್ನು ಬಲಿಕೊಡುವುದು ನನಗೆ ಸರಿಕಾಣಲಿಲ್ಲ. ಉಳಿದ ಸಾಮಾನು ಆಟದ ವೈಟ್‌ರನ್ ನಗರದಲ್ಲಿ 5000 ಚಿನ್ನಕ್ಕೆ ಕೊಂಡ ಮನೆಯ ಪೆಟ್ಟಿಗೆಗಳಲ್ಲಿದೆ. ವ್ಯಾಪಾರಿಗಳ ಬಳಿ ಹಣ ಖಾಲಿಯಾದರೆ ಆಟದೊಳಗಿನ 48 ಗಂಟೆ ಕಾಯುತ್ತೇನೆ. (ವಿಜಯಪುರದ ಬೇಸಿಗೆಯಲ್ಲಿ ಕುಳಿತು ಆ ಹಿಮದ ನಾಡಿನಲ್ಲಿ ಕಾಯುವುದು ಕಷ್ಟವೇನಲ್ಲ.)

ಕ್ವೆಸ್ಟ್‌ಗಳ (ಆಟ ಒಪ್ಪಿಸುವ ಕೆಲಸಗಳ) ವಿಷಯದಲ್ಲಿ, ಜರ್ನಲ್‌ನಲ್ಲಿ ಎಲ್ಲವನ್ನೂ ಸಕ್ರಿಯವಾಗಿಡದೆ ಒಂದೇ ಪ್ರದೇಶದವನ್ನಷ್ಟೇ ಆರಿಸಿದ್ದರಿಂದ ನಕ್ಷೆಯ ಗುರುತುಗಳ ಗೊಂದಲ ತಪ್ಪಿದೆ. ಕ್ವೆಸ್ಟ್ ಮುಗಿಯುವವರೆಗೆ ಕೆಳಗಿಡಲಾಗದ ವಸ್ತುಗಳು ಚೀಲದಲ್ಲಿ ಇನ್ನೂ ಉಳಿದಿವೆ. ಅವುಗಳಿಗೆ ಸಂಬಂಧಿಸಿದ ಕ್ವೆಸ್ಟ್‌ಗಳನ್ನೇ ಮುಂದೆ ಮೊದಲು ಮುಗಿಸಲಿದ್ದೇನೆ.