ರಜೆ ಮುಗಿಯಲು ಇನ್ನು 18 ದಿನ: ಕೂಸನ್ನು ಬೆಟಗೇರಿಯಲ್ಲೇ ಬಿಡಲೋ, ಹುಬ್ಬಳ್ಳಿಗೆ ಕರೆದುಕೊಂಡು ಹೋಗಲೋ?

ಬೆಟಗೇರಿ ಮಗಳು ಕೇಳುತ್ತಾರೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ. ಮಗಳನ್ನು ತೊಡೆ ಮೇಲೆ ಹಾಕಿಕೊಂಡು ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗಳಿಗೆ ಈಗ ನಾಲ್ಕೂವರೆ ತಿಂಗಳು. ನಾನು ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. 26 ವಾರದ ರಜೆಯಲ್ಲಿ ನಾಲ್ಕು ವಾರ ಹೆರಿಗೆಗೆ ಮುಂಚೆಯೇ ಖರ್ಚಾಯಿತು. ಕಾಲು ಬಾತು ಕುರ್ಚಿಯಲ್ಲಿ ಕೂರೋಕೇ ಆಗುತ್ತಿರಲಿಲ್ಲ. ಉಳಿದದ್ದನ್ನು ಗದಗದ ಅವಳಿ ಊರಾದ ಬೆಟಗೇರಿಯ ತವರುಮನೆಯಲ್ಲಿ ಕಳೆದೆ. ಅವ್ವ ಬಾಣಂತನದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಅಳವಿ ಪಾಯಸ, ಅಂಟಿನ ಉಂಡಿ, ದಿನಾ ಎಣ್ಣೆ ಹಚ್ಚಿ ಕುದಿಯೋ ನೀರಿನ ಸ್ನಾನ. ಸೆಕೆಯಲ್ಲೂ ಕಿವಿಗೆ ಹತ್ತಿ. ಆ ಹತ್ತಿಯ ವಿಷಯಕ್ಕೆ ಜಗಳವೂ ಆಯಿತು, ಇರಲಿ ಬಿಡಿ.

ಈಗ ಸಮಸ್ಯೆ. ನಮ್ಮ ತವರುಮನೆಯ ಗೋಡೆಗೆ ಅಂಟಿಕೊಂಡೇ ಆಚೆ ಮನೆಯವರ ಪವರ್‌ಲೂಮ್ ಇದೆ. ಬೆಟಗೇರಿಯಲ್ಲಿ ಇದು ಹೊಸದೇನಲ್ಲ, ನಾನೂ ಅದೇ ಸದ್ದಿನಲ್ಲಿ ಬೆಳೆದವಳು. ಬೆಳಿಗ್ಗೆ ಎಂಟಕ್ಕೆ ಖಟಾ ಖಟ್, ಖಟಾ ಖಟ್ ಅಂತ ಶುರುವಾದರೆ ಮಗಳು ತೊಟ್ಟಿಲಲ್ಲಿ ಎರಡು ತಾಸು ಕದಲುವುದಿಲ್ಲ. ಕರೆಂಟ್ ಹೋಗಿ ಮಗ್ಗ ನಿಂತರೆ ಕಣ್ಣು ಬಿಡುತ್ತಾಳೆ! ಹೋದ ವಾರ ರೂಢಿ ಆಗಲಿ ಅಂತ ಎರಡು ದಿನ ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಮನೆಗೆ ಕರೆದುಕೊಂಡು ಹೋಗಿದ್ದೆ. ಮೂರನೇ ಮಹಡಿ, ಎಲ್ಲಾ ಗಪ್‌ಚಿಪ್. ರಾತ್ರಿ ಎರಡು ಗಂಟೆವರೆಗೆ ಅತ್ತಳು. ಕೊನೆಗೆ ನಮ್ಮ ಮನೆಯವರು ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಖಾಲಿ ಮಿಕ್ಸರ್ ತಿರುಗಿಸುತ್ತಾ ಅಡುಗೆಮನೆಯಲ್ಲಿ ನಿಂತರು. ಕೆಳಗಿನ ಮನೆಯವರು ಬೆಳಿಗ್ಗೆ ಏನೂ ಕೇಳಲಿಲ್ಲ, ಆದರೆ ಅವರ ಮುಖ ನೋಡಬೇಕಿತ್ತು.

ನನ್ನ ಮುಂದೆ ಇರುವ ದಾರಿ ಇಷ್ಟು. ಕೂಸನ್ನು ಅವ್ವನ ಹತ್ತಿರ ಬಿಟ್ಟು ಶನಿವಾರ ಸಂಜೆ ಬಂದು ಸೋಮವಾರ ನಸುಕಿನಲ್ಲಿ ಹೋಗುವುದು. ಅಥವಾ ನಾನೂ ಬೆಟಗೇರಿಯಲ್ಲೇ ಇದ್ದು ದಿನಾ ರೈಲಿನಲ್ಲಿ ಅಪ್‌ಡೌನ್ ಮಾಡುವುದು. ಅಥವಾ ಅವ್ವನನ್ನೇ ಹುಬ್ಬಳ್ಳಿಗೆ ಕರೆಸುವುದು. ಅಪ್ಪನಿಗೆ ಶುಗರ್ ಇದೆ, ಅವರ ಊಟ ಯಾರು ನೋಡಬೇಕು? ಮನೆ ಹತ್ತಿರ ಒಂದು ಕಡೆ ಮಕ್ಕಳನ್ನು ನೋಡಿಕೊಳ್ಳುತ್ತಾರೆ ಅಂತ ಹೋಗಿ ನೋಡಿದೆ. ಒಂಬತ್ತು ಮಕ್ಕಳು, ಒಬ್ಬ ಹೆಂಗಸು, ದೊಡ್ಡ ಟಿವಿ. ಚಪ್ಪಲಿ ಕೂಡ ಬಿಡದೆ ವಾಪಸ್ ಬಂದೆ. ಆಫೀಸಿನಲ್ಲಿ ಕೇಳಿದರೆ "ನಾವು ಇರೋದೇ 43 ಜನ ಮೇಡಂ, 50 ಇದ್ದರೆ ಮಾತ್ರ ಶಿಶುಪಾಲನಾ ಕೇಂದ್ರ" ಅಂದರು. ಅದು ಸುಳ್ಳೇನಲ್ಲ, ಕಾನೂನಿನಲ್ಲೂ ಹಾಗೇ ಇದೆ.

ಬಾಟಲಿಯನ್ನಂತೂ ಮಗಳು ಮುಟ್ಟುವುದಿಲ್ಲ. ನಾಲಿಗೆಯಿಂದ ಹೊರಗೆ ತಳ್ಳುತ್ತಾಳೆ.

ಇನ್ನೊಂದು ಮಾತು, ಬೈಯಬೇಡಿ. ನನಗೆ ಆಫೀಸಿಗೆ ಹೋಗಬೇಕು ಅನಿಸುತ್ತಿದೆ. 20ನೇ ತಾರೀಕಿನ ಜಿಎಸ್‌ಟಿ ಗಡಿಬಿಡಿ ಕೂಡ ನೆನಪಾಗುತ್ತೆ ಅಂದರೆ ನೀವೇ ಲೆಕ್ಕ ಹಾಕಿ. 11 ಗಂಟೆಗೆ ಚಹಾ ಬರುತ್ತೆ, ಒಮ್ಮೊಮ್ಮೆ ಗಿರ್ಮಿಟ್ ತರಿಸುತ್ತೇವೆ. ಚಹಾ ಬಿಸಿ ಇರುವಾಗಲೇ ಕುಡಿದು ನಾಲ್ಕೂವರೆ ತಿಂಗಳಾಯಿತು. ಇದನ್ನು ಅವ್ವನಿಗೆ ಹೇಳಿಲ್ಲ. ಅಪ್‌ಡೌನ್ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗದಗ ಅಪ್‌ಡೌನ್ ಅಕ್ಕ:

ಕರೆದೆಯಾ ತಂಗಿ, ಬಂದೆ. ನಾನು ಏಳು ತಿಂಗಳು ಮಾಡಿದ್ದೇನೆ. ಮಾಡಬಹುದು, ಆದರೆ ಮನೆಯಲ್ಲಿ ಇನ್ನೊಬ್ಬರು ಅಡುಗೆ ಮಾಡುವವರು ಇರಬೇಕು.

ಗದಗದಿಂದ ಹುಬ್ಬಳ್ಳಿ 60 ಕಿಲೋಮೀಟರ್ ಆಸುಪಾಸು. ರೈಲಿನೊಳಗಿನ ಹೊತ್ತು ದೊಡ್ಡದಲ್ಲ. ಮನೆಯಿಂದ ಸ್ಟೇಷನ್, ಸ್ಟೇಷನ್ನಿನಿಂದ ಆಫೀಸು, ರೈಲು ತಡ, ಎಲ್ಲಾ ಸೇರಿ ಕೂಸನ್ನು ಬಿಟ್ಟು ಹನ್ನೊಂದು ತಾಸು ಆಗುತ್ತಿತ್ತು. ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದ. 2023ರಲ್ಲಿ ಉದ್ಘಾಟನೆ ಆದಾಗ ಪೇಪರಿನಲ್ಲಿ ಓದಿ ಹೆಮ್ಮೆಪಟ್ಟಿದ್ದೆ. ಎದೆಯಲ್ಲಿ ಹಾಲು ಕಟ್ಟಿಕೊಂಡು ಕಲ್ಲಾದಾಗ ಕೊನೆ ಬೋಗಿಯಿಂದ ಇಳಿದು ನಡೆದು ನೋಡು, ಹೆಮ್ಮೆ ಎಲ್ಲಾ ಇಳಿಯುತ್ತೆ. ಮುಂದಿನ ಬೋಗಿಯಲ್ಲೇ ಹತ್ತು.

ಹಾಲಿನ ವಿಷಯ ಸರಿಯಾಗಿ ಕೇಳಿಕೋ. ಹಿಂಡಿದ ಹಾಲು 25 ಡಿಗ್ರಿ ಒಳಗಿನ ಕೋಣೆಯಲ್ಲಿ 4 ತಾಸು ಇರುತ್ತೆ, ಫ್ರಿಜ್ಜಿನಲ್ಲಿ 4 ದಿನ. ಏಪ್ರಿಲ್‌ನಲ್ಲಿ ನಮ್ಮ ಕಡೆ 25 ಡಿಗ್ರಿ ಎಲ್ಲಿಂದ ತರೋದು? ಅದಕ್ಕೇ ಹೊರಗೆ ಇಡೋದೇ ಬೇಡ. ಆಫೀಸಿನಲ್ಲಿ ಫ್ರಿಜ್ ಇಲ್ಲದಿದ್ದರೆ ಐಸ್ ಪ್ಯಾಕ್ ಹಾಕುವ ಬ್ಯಾಗ್ ತೆಗೆದುಕೋ, ಐಸ್ ಗಟ್ಟಿ ಇದ್ದರೆ 24 ತಾಸಿನವರೆಗೆ ಭಯವಿಲ್ಲ. ಕೂಸಿಗೆ ಕೊಡುವಾಗ ಒಲೆ ಮೇಲೆ ಇಟ್ಟು ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟರೆ ಸಾಕು. ನಮ್ಮ ಅತ್ತೆಗೆ ಇದನ್ನು ಒಪ್ಪಿಸುವುದು ಹೆರಿಗೆಗಿಂತ ಕಷ್ಟ ಆಯಿತು. "ಹಸಿ ಹಾಲು ಕೂಸಿಗೆ ಹೆಂಗ ಕೊಡ್ಲಿ" ಅಂತ ದಿನಾ ಕುದಿಸಲು ಹೊರಡುತ್ತಿದ್ದರು.

ಮತ್ತೆ, 43 ಜನ ಅಂದರು ಅಂತ ಸುಮ್ನೆ ಬರಬೇಡ. ಶಿಶುಪಾಲನಾ ಕೇಂದ್ರಕ್ಕೆ 50 ಜನ ಬೇಕು, ನಿಜ. ಹಾಲುಣಿಸುವ ಬಿಡುವಿಗೆ ಆ 50ರ ಲೆಕ್ಕ ಇಲ್ಲ. ಕೂಸಿಗೆ 15 ತಿಂಗಳಾಗುವವರೆಗೆ, ಮಾಮೂಲಿ ಬಿಡುವಿನ ಜೊತೆಗೆ, ದಿನಕ್ಕೆ ಇನ್ನೆರಡು ಬಿಡುವು ನಿನಗೆ ಸಿಗಬೇಕು. ನಾನು ಅರ್ಜಿ ಬರೆದು ಕೊಟ್ಟು, ಪ್ರತಿಗೆ ಸಹಿ ಹಾಕಿಸಿಕೊಂಡೆ. ಬಾಯಿಮಾತಲ್ಲಿ ಕೇಳಿದಾಗ "ನೋಡೋಣ" ಅಂದವರು, ಕಾಗದ ನೋಡಿ ಹಳೆ ವೋಚರ್ ಇಡುವ ಕೋಣೆ ಬಿಡಿಸಿಕೊಟ್ಟರು. ಆ ಬಾಗಿಲಿಗೆ ಚಿಲಕ ಇರಲಿಲ್ಲ. ಒಳಗಿನಿಂದ 2014ರ ಫೈಲುಗಳ ಗಂಟು ಒತ್ತಿ ಇಟ್ಟು ಕೂರುತ್ತಿದ್ದೆ. ಆ ಫೈಲುಗಳು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಬ್ಯಾಡಗಿ ಸೊಸೆ:

ನಾನು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮಲ್ಲಿ ಸೀಜನ್ ಇದ್ದಾಗ ರಜೆ ಅಂದರೆ ನಗುತ್ತಾರೆ. ನಾವು ಇರೋದೇ ಐದು ಜನ, ಯಾವ ಕಾಯ್ದೆಯೂ ನಮ್ಮ ಬಾಗಿಲಿಗೆ ಬಂದಿಲ್ಲ. ಎರಡೂವರೆ ತಿಂಗಳಿಗೇ ಹೋದೆ. ಮನೆ ಹತ್ತಿರ, ಮಧ್ಯಾಹ್ನ ಬಂದು ಹಾಲು ಕೊಟ್ಟು ಹೋಗಬಹುದು ಅನ್ನೋ ಧೈರ್ಯ.

ಮೊದಲ ದಿನ ಓಡಿ ಬಂದೆ, ಕೈ ತೊಳೆದೆ, ಎತ್ತಿಕೊಂಡೆ. ಮಗ ನನ್ನ ಸೆರಗಿಗೆ ಮುಖ ಒರೆಸಿದ್ದೇ ತಡ, ಒಂದೇ ಸಮನೆ ಚೀರಾಟ. ಸೀರೆ ತುಂಬಾ ಮೆಣಸಿನಕಾಯಿ ಧೂಳು! ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ಎಲ್ಲರೂ ಹೇಳುತ್ತಾರೆ. ಹಾಲು ಕುಡಿಯುವ ಕೂಸಿಗೆ ಹೇಳಿ ನೋಡಿ. ಅವತ್ತಿನಿಂದ ಬಚ್ಚಲಲ್ಲಿ ಒಂದು ನೈಟಿ ನೇತುಹಾಕಿದ್ದೇನೆ. ಬರುವುದು, ಮೈಗೆ ನೀರು ಹಾಕಿಕೊಳ್ಳುವುದು, ನೈಟಿ ಹಾಕುವುದು, ಆಮೇಲೆ ಕೂಸು. ಮಾರುಕಟ್ಟೆ ಇರುವ ಸೋಮವಾರ, ಗುರುವಾರ ಇದಕ್ಕೇ ಹತ್ತು ನಿಮಿಷ ಹೋಗುತ್ತೆ, ಅವನು ಅಷ್ಟೂ ಹೊತ್ತು ಬಚ್ಚಲ ಬಾಗಿಲು ನೋಡಿ ಅಳುತ್ತಾನೆ.

ನಮ್ಮ ಅಂಗಡಿ ಮುಂದೆ ಕಾಯಿಯ ತೊಟ್ಟು ಮುರಿಯುವ ಹೆಂಗಸರ ಕೂಸುಗಳು ಅಲ್ಲೇ ಚೀಲದ ಮೇಲೆ ಮಲಗಿರುತ್ತವೆ. ಉದ್ಯೋಗ ಖಾತ್ರಿ ಕೂಲಿಗೆ ಹೋಗುವವರ ಮಕ್ಕಳಿಗೆ ಪಂಚಾಯತಿಗಳಲ್ಲಿ ಕೂಸಿನ ಮನೆ ಮಾಡಿದ್ದಾರೆ. ಮಾರುಕಟ್ಟೆಯಲ್ಲಿ ದುಡಿಯುವವರಿಗೂ ಅಂಥದ್ದೊಂದು ಬೇಕು. ಇದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ, ಹೇಳಬೇಕು ಅನಿಸಿತು.

ನಿಮ್ಮ ಪ್ರಶ್ನೆಗೆ ಉತ್ತರ: ಮಗ್ಗದ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ. ಮಿಕ್ಸರ್ ಸುಟ್ಟುಹೋದೀತು.

ಹಾವೇರಿ ಟೀಚರ್:

ನಾನು ಸರ್ಕಾರಿ ಶಾಲೆ. ನಮಗೆ 180 ದಿನ ಹೆರಿಗೆ ರಜೆ, ಅದರ ಮೇಲೆ 2021ರಿಂದ ಶಿಶುಪಾಲನಾ ರಜೆಯೂ ಸಿಗುತ್ತೆ, ಸೇವೆಯಲ್ಲಿ ಒಟ್ಟು ಆರು ತಿಂಗಳು. ಖಾಸಗಿಯವರ ಮುಂದೆ ಇದನ್ನು ಹೇಳೋಕೆ ನಾಚಿಕೆ ಆಗುತ್ತೆ.

ಬಾಟಲಿ ಬೇಡ ಅಂದರೆ ಬಿಟ್ಟುಬಿಡಿ. ನನ್ನ ಮಗನೂ ಮುಟ್ಟಲಿಲ್ಲ. ಅಜ್ಜಿಯ ಕಾಲದ ಬೆಳ್ಳಿ ಒಳಲೆ ಇತ್ತು, ಅದರ ಮೂತಿಯನ್ನು ತುಟಿಯ ಅಂಚಿಗೆ ಇಟ್ಟು ಸ್ವಲ್ಪ ಸ್ವಲ್ಪವೇ ಬಗ್ಗಿಸಿದರೆ ತಾನೇ ನೆಕ್ಕಿ ಕುಡಿಯುತ್ತಿದ್ದ. ಕೂಸನ್ನು ಪೂರ್ತಿ ಅಂಗಾತ ಮಲಗಿಸಿ ಹೊಯ್ಯಬಾರದು, ತಲೆ ಎತ್ತಿ ಹಿಡಿಯಬೇಕು. ಒಳಲೆ ಇಲ್ಲದಿದ್ದರೆ ಸಣ್ಣ ವಾಟಿ ಚಮಚವೂ ನಡೆಯುತ್ತೆ. ಮೊದಲ ನಾಲ್ಕು ದಿನ ಅರ್ಧ ಹಾಲು ಕೊರಳಿನ ಬಟ್ಟೆಗೇ. ಮತ್ತು ನೀವು ಕೊಡಬೇಡಿ! ನೀವು ಎದುರಿಗಿದ್ದರೆ ಅವಳು ಒಳಲೆ ಯಾಕೆ ನೋಡುತ್ತಾಳೆ? ಇವತ್ತೇ ಅವ್ವನ ಕೈಯಲ್ಲಿ ಶುರು ಮಾಡಿಸಿ, ನೀವು ಪಕ್ಕದ ಮನೆಗೆ ಹೋಗಿ ಮಗ್ಗ ನೋಡುತ್ತಾ ಕೂತಿರಿ.

ಆರು ತಿಂಗಳು ತುಂಬಿದ ಮೇಲೆ ರಾಗಿ ಗಂಜಿ, ಬ್ಯಾಳಿ ಕಟ್ಟು ಶುರುವಾದರೆ ಅರ್ಧ ಭಾರ ಇಳಿಯುತ್ತೆ. ಯಾರಾದರೂ ಜೇನುತುಪ್ಪ ನೆಕ್ಕಿಸಲು ಬಂದರೆ ಮಾತ್ರ ಬೇಡ ಅನ್ನಿ, ವರ್ಷ ತುಂಬುವವರೆಗೆ ಅದು ಕೂಡದು.

ಧಾರವಾಡದ ಆಯಿ:

ನಾನು ಬಾಣಂತಿ ಅಲ್ಲವ್ವಾ, ಬಾಣಂತಿಯ ತಾಯಿ. ಮಗಳು ಓದಲಿ ಅಂತ ಕಳಿಸಿದ ಕೊಂಡಿಯಿಂದ ಬಂದೆ. ಎಲ್ಲಾ ಓದಿದೆ. ಹಾಲು, ರೈಲು, ಮಿಕ್ಸರ್ ಎಲ್ಲಾ ಬಂತು. ನಿನ್ನ ಅವ್ವನನ್ನು ಕೇಳಿದೆಯಾ?

ಬಿಡುವುದು, ಕರೆಸುವುದು ಅಂತ ಬರೆದಿದ್ದೀ. ಅವಳೇನು ಕಪಾಟೇ, ಆ ಕೋಣೆಯಿಂದ ಈ ಕೋಣೆಗೆ ಸರಿಸೋಕೆ? ನಾನು ಮಗಳ ಮನೆಯಲ್ಲಿ ಎರಡು ವರ್ಷ ಇದ್ದೆ. ಮೊಮ್ಮಗನ ಮೇಲೆ ನನ್ನ ಜೀವ, ಅದು ಬೇರೆ ಮಾತು. ಆದರೆ ಆ ಎರಡು ವರ್ಷ ನಮ್ಮ ಮನೆಯವರು ಒಬ್ಬರೇ ಧಾರವಾಡದಲ್ಲಿ ಖಾನಾವಳಿ ರೊಟ್ಟಿ ತಿಂದರು. ನಾನು ರವಿವಾರ ಬಂದು ಪಾತ್ರೆ ತಿಕ್ಕಿ, ವಾರಕ್ಕಾಗುವಷ್ಟು ಚಟ್ನಿಪುಡಿ ಮಾಡಿಟ್ಟು ವಾಪಸ್ ಹುಬ್ಬಳ್ಳಿಗೆ ಚಿಗರಿ ಬಸ್ ಹತ್ತುತ್ತಿದ್ದೆ. ಮಂಡಿ ನೋವು ಅಂತ ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗಳು ನೌಕರಿ ಬಿಟ್ಟಾಳು ಅಂತ ಭಯ. ಅವಳು ಕೇಳಲೂ ಇಲ್ಲ. ಕೇಳಿದರೆ ನಾನು ಹೌದು ಅಂದೇನು ಅಂತ ಅವಳಿಗೂ ಭಯ ಇತ್ತಂತೆ, ಮೊನ್ನೆ ಹೇಳಿದಳು.

ನಿನ್ನ ಅವ್ವನ ಎದುರು ಕೂತು ಕೇಳು. ಎಷ್ಟು ತಿಂಗಳು, ಯಾವ ವಾರ ರಜೆ, ಮೇಲಿನ ಕೆಲಸಕ್ಕೆ ಯಾರು. ಮತ್ತು ಚಹಾದ ವಿಷಯ ಅವಳಿಗೆ ಹೇಳು. ಅವಳು ಬಿಸಿ ಚಹಾ ಕುಡಿದು ಎಷ್ಟು ವರ್ಷ ಆಯಿತೋ ಅದನ್ನೂ ಕೇಳು.

ಬೆಟಗೇರಿ ಮಗಳು (ಐದು ವಾರದ ನಂತರ):

ಉತ್ತರ ಕೊಟ್ಟವರಿಗೆಲ್ಲ ತಡವಾಗಿ ಹೇಳುತ್ತಿದ್ದೇನೆ, ಕ್ಷಮಿಸಿ.

ಆಯಿ, ಅವತ್ತು ರಾತ್ರಿಯೇ ಕೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ನಾನು ಅಳುತ್ತಾಳೆ ಅಂದುಕೊಂಡಿದ್ದೆ, ಅವಳು ಕರಾರು ಹಾಕಿದಳು! ಮೂರು ತಿಂಗಳು ಹುಬ್ಬಳ್ಳಿಗೆ ಬರುತ್ತಾಳಂತೆ. ಶುಕ್ರವಾರ ರಾತ್ರಿ ಬೆಟಗೇರಿಗೆ, ಸೋಮವಾರ ವಾಪಸ್. ಶನಿವಾರ ಕೂಸು ಅದರ ಅಪ್ಪನ ಹತ್ತಿರ, ಅವರಿಗೆ ರಜೆ ಇದೆಯಲ್ಲ. ಬಟ್ಟೆ, ಭಾಂಡಿಗೆ ಆಳು ಇಡಬೇಕು. ದಿನಕ್ಕೆ ಒಂದೇ ಸಲ ಮೂರು ಮಹಡಿ ಇಳಿದು ಹತ್ತುವುದು, ಎರಡನೇ ಸಲ ಕಾಯಿಪಲ್ಯ ಬೇಕಾದರೆ ಅಳಿಯ ಹೋಗಬೇಕು. ಮೂರು ತಿಂಗಳ ನಂತರ ನಮ್ಮ ಅತ್ತೆಯ ಪಾಳಿ, ಅದನ್ನು ಅವ್ವ ಅತ್ತೆಗೆ ತಾನೇ ಫೋನ್ ಮಾಡಿ ಒಪ್ಪಿಸಿದಳು. ನಾನು ನಾಲ್ಕೂವರೆ ತಿಂಗಳು ತಲೆ ಕೆಡಿಸಿಕೊಂಡದ್ದನ್ನು ಅವಳು ಆರು ರೊಟ್ಟಿ ಬಡಿಯುವಷ್ಟರಲ್ಲಿ ಮುಗಿಸಿದಳು. ಅಪ್ಪ ಈಗ ಸಕ್ಕರೆ ಇಲ್ಲದ ಚಹಾ ಮಾಡಲು ಕಲಿತಿದ್ದಾರೆ, ಅಕ್ಕಿ ಇಡಲು ಇನ್ನೂ ಬರುವುದಿಲ್ಲ.

ಅಪ್‌ಡೌನ್ ಅಕ್ಕಾ, ಅರ್ಜಿ ಕೊಟ್ಟೆ. ಬಿಡುವು ಸಿಕ್ಕಿದೆ, ಸರ್ವರ್ ಇಡುವ ಕೋಣೆ ಕೊಟ್ಟಿದ್ದಾರೆ. ಎಸಿ ಇದೆ, ಚಿಲಕವೂ ಇದೆ. ಮೊದಲ ದಿನ 11ರ ಚಹಾ ಬಂದಾಗ ನಾನು ಅಲ್ಲೇ ಇದ್ದೆ. ಹೊರಗೆ ಬರುವಷ್ಟರಲ್ಲಿ ಕೆನೆ ಕಟ್ಟಿ ತಣ್ಣಗಾಗಿತ್ತು. ಕುಡಿದೆ.

ಟೀಚರ್, ಬೆಳ್ಳಿ ಒಳಲೆ ನಮ್ಮಲ್ಲಿ ಇರಲಿಲ್ಲ, ಸ್ಟೀಲಿನದು ಸಿಕ್ಕಿತು. ಐದನೇ ದಿನಕ್ಕೆ ಕುಡಿದಳು.

ಬ್ಯಾಡಗಿ ಅಕ್ಕಾ, ಮಗ್ಗದ ಸದ್ದು ಕೆಲಸ ಮಾಡುತ್ತಿದೆ. ನಮ್ಮ ಮನೆಯವರು ಗೋಡೆಗೆ ಫೋನ್ ಹಿಡಿದು ಅರ್ಧ ತಾಸು ರೆಕಾರ್ಡ್ ಮಾಡಿಕೊಂಡು ಬಂದರು. ಒಂದೇ ತೊಂದರೆ, ಹನ್ನೆರಡನೇ ನಿಮಿಷಕ್ಕೆ ಮಗ್ಗದ ಕಾಕಾ ಜೋರಾಗಿ ಕೆಮ್ಮುತ್ತಾರೆ. ಮಗಳು ಸರಿಯಾಗಿ ಅಲ್ಲಿಗೆ ಎದ್ದು ಕೂಗುತ್ತಾಳೆ. ಈ ರವಿವಾರ ಹೋದಾಗ ಮತ್ತೆ ರೆಕಾರ್ಡ್ ಮಾಡಬೇಕು. ಅರ್ಧ ತಾಸು ಕೆಮ್ಮಬೇಡಿ ಅಂತ ಕಾಕಾಗೆ ಯಾರು ಹೇಳಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.